ಶೇರ್‌ವೇರ್ ಆಟಕ್ಕೆ ಸೌಂಡ್ ಲೈಬ್ರರಿ: ಮೊದಲ ಭಾಗ ಫ್ರೀ ಕೊಟ್ಟರೂ ಲೈಸೆನ್ಸ್ ಬೇಕಾ?

ಗುಮ್ಮಟ_ದನಿ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗೆಳೆಯ ಸೇರಿ ವಿಂಡೋಸ್‌ಗೆ ಒಂದು ಸಣ್ಣ ಆಟ ಮಾಡುತ್ತಿದ್ದೇವೆ. ಕೋಡ್ ನಂದು, ಚಿತ್ರ ಅವನದು. ಗೋಲಗುಮ್ಮಟದಂಥ ಒಂದು ಕಟ್ಟಡದಲ್ಲಿ ಕತ್ತಲಾದ ಮೇಲೆ ಸಿಕ್ಕಿಹಾಕಿಕೊಂಡವನು ಬರೀ ಸದ್ದು ಕೇಳಿ ದಾರಿ ಹುಡುಕಬೇಕು. ಚಪ್ಪಾಳೆ ತಟ್ಟಿದರೆ ಮರುದನಿ ಯಾವ ಕಡೆಯಿಂದ ಬಂತು, ಎಷ್ಟು ತಡವಾಗಿ ಬಂತು ಅನ್ನುವುದರ ಮೇಲೆ ಗೋಡೆ ಎಲ್ಲಿದೆ, ಬಾಗಿಲು ಎಲ್ಲಿದೆ ಅಂತ ಗೊತ್ತಾಗಬೇಕು. ಆಟದ ಜೀವವೇ ಸದ್ದು. ಹಿನ್ನೆಲೆಗೆ ನಮ್ಮ ಕಡೆಯ ಕರಡಿ ಮಜಲು ವಾದ್ಯಮೇಳ ಹಾಕಬೇಕು ಅಂತ ಬಹಳ ಆಸೆ ಇದೆ.

ಮಾರುವುದು ಹಳೇ ಶೇರ್‌ವೇರ್ ರೀತಿಯಲ್ಲಿ. ಮೊದಲ ಮೂರು ಹಂತ ಫ್ರೀ, ಯಾರು ಯಾರಿಗೆ ಬೇಕಾದರೂ ಕಾಪಿ ಮಾಡಿ ಕೊಡಬಹುದು. ಇಷ್ಟವಾದವರು 249 ರೂಪಾಯಿ ಕೊಟ್ಟು ಕೀ ತಗೊಂಡರೆ ಉಳಿದ ಹಂತ ತೆರೆಯುತ್ತದೆ. ಈಗ ಸದ್ದಿಗೆ ಬಾಸ್ ಅನ್ನುವ ಲೈಬ್ರರಿ (ಬೇರೆಯವರು ಬರೆದಿಟ್ಟ ತಯಾರಿ ಕೋಡ್) ಹಾಕಿದ್ದೇನೆ, ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೆ ಅದು ವ್ಯಾಪಾರ ಅಲ್ಲದ ಬಳಕೆಗೆ ಮಾತ್ರ ಫ್ರೀ. ಶೇರ್‌ವೇರ್‌ಗೆ ಬೇರೆ ಲೈಸೆನ್ಸ್ ಇದೆ.

ಫ್ರೀ ಕೊಡುವ ಮೂರು ಹಂತದ ಆಟಕ್ಕೂ ಲೈಸೆನ್ಸ್ ಬೇಕಾ? ಅಥವಾ ಕೀ ಮಾರಲು ಶುರು ಮಾಡಿದ ಮೇಲೆ ತಗೊಂಡರೆ ಸಾಕಾ? ನಾವು ಇಬ್ಬರು ಇದ್ದೇವೆ, ಲೈಸೆನ್ಸ್ ಯಾರ ಹೆಸರಿನಲ್ಲಿ? ಮುಂದೆ ಮೊಬೈಲ್‌ಗೂ ತಂದರೆ ಮತ್ತೆ ಕಟ್ಟಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಸದ್ಯಕ್ಕೆ ಆಟದಿಂದ ಒಂದು ರೂಪಾಯಿಯೂ ಬಂದಿಲ್ಲ, ಅದನ್ನೂ ನೆನಪಿಟ್ಟುಕೊಳ್ಳಿ.

ಹಳೇ_ಡಾಸ್ (ಬೆಳಗಾವಿ)

ತಮ್ಮಾ, ಮೊದಲು ಆಟದ ಯೋಚನೆಗೆ ಶಭಾಶ್. ಬಿಡುಗಡೆಗೆ ಮೊದಲೇ ಲೈಸೆನ್ಸ್ ಬಗ್ಗೆ ಕೇಳಿದ್ದು ಇನ್ನೂ ಒಳ್ಳೆಯದಾಯಿತು.

ನಿನ್ನ ಮೊದಲ ಪ್ರಶ್ನೆಗೆ ಉತ್ತರ: ಹೌದು, ಮೂರು ಹಂತಕ್ಕೂ ಬೇಕು. ಬಾಸ್ ಮಾಡುವವರು ಅನ್‌ಫೋರ್‌ಸೀನ್ ಡೆವಲಪ್‌ಮೆಂಟ್ಸ್. ಅವರ ಷರತ್ತನ್ನು ನಿಧಾನವಾಗಿ ಓದು. ನೀನು ವ್ಯಾಪಾರಿ ಸಂಸ್ಥೆ ಆಗಿರಬಾರದು, ತಂತ್ರಾಂಶಕ್ಕೆ ದುಡ್ಡು ತಗೊಳ್ಳಬಾರದು, ಅದರ ಜೊತೆಗೆ ಬೇರೆ ಯಾವ ವ್ಯಾಪಾರದ ಉದ್ದೇಶವೂ ಇರಬಾರದು. ಈ ಮೂರೂ ಸೇರಿದರೆ ಮಾತ್ರ ಫ್ರೀ. ನಿನ್ನ ಮೊದಲ ಮೂರು ಹಂತಕ್ಕೆ ಬೆಲೆ ಇಲ್ಲ, ನಿಜ. ಆದರೆ ಅದು ಇರುವುದೇ ಉಳಿದದ್ದನ್ನು ಮಾರಲು. ಕರದಂಟಿನ ಅಂಗಡಿಯಲ್ಲಿ ರುಚಿ ನೋಡಲು ಒಂದು ಚೂರು ಕೊಡುತ್ತಾರಲ್ಲ, ಆ ಚೂರೂ ವ್ಯಾಪಾರದ ಭಾಗವೇ. ಜಾಹೀರಾತು ಹಾಕಿ ಫ್ರೀ ಕೊಟ್ಟರೂ ಇದೇ ಮಾತು.

ಮನೆಯಲ್ಲಿ ಕೂತು ಕೋಡ್ ಬರೆಯುವಾಗ, ಗೆಳೆಯರಿಗೆ ತೋರಿಸುವಾಗ ಹಾಕಿ ನೋಡು. ಸಾರ್ವಜನಿಕವಾಗಿ ಮೊದಲ ಭಾಗ ಬಿಡುವ ದಿನ ಲೈಸೆನ್ಸ್ ಕೈಯಲ್ಲಿರಲಿ. ಶೇರ್‌ವೇರ್ ಒಮ್ಮೆ ಹೊರಗೆ ಹೋದರೆ ವಾಪಸ್ ಕರೆಸಲು ಆಗುವುದಿಲ್ಲ. ಅದರ ಹುಟ್ಟುಗುಣವೇ ಹರಡುವುದು.

ಬೆಲೆಯ ವಿಷಯ. ನಾನು ನೋಡಿದಾಗ ಬಾಸ್ ಶೇರ್‌ವೇರ್ ಲೈಸೆನ್ಸ್ 125 ಯೂರೋ ಇತ್ತು. ಅದರಲ್ಲಿ ನಿನ್ನ ಎಷ್ಟು ಶೇರ್‌ವೇರ್‌ಗೆ ಬೇಕಾದರೂ ಬಳಸಬಹುದು, ಆದರೆ ಪ್ರತಿಯೊಂದರ ಬೆಲೆ 40 ಯೂರೋ ಮೀರಬಾರದು. ಪ್ರತಿಗಿಷ್ಟು ಅಂತ ರಾಯಲ್ಟಿ ಇಲ್ಲ. ಇದು ಸ್ವಂತ ತಂತ್ರಾಂಶ ಮಾಡಿ ತಾನೇ ಮಾರುವ ಒಬ್ಬ ವ್ಯಕ್ತಿಗೆ ಅಂತಲೇ ಇಟ್ಟ ದರ. ಕಂಪನಿಗಳಿಗೆ ಒಂದು ತಂತ್ರಾಂಶಕ್ಕೇ 950 ಯೂರೋ. ವ್ಯತ್ಯಾಸ ಎಷ್ಟಿದೆ ನೋಡು. ನಿನ್ನ 249 ರೂಪಾಯಿ ಮಿತಿಯ ಹತ್ತಿರಕ್ಕೂ ಬರುವುದಿಲ್ಲ, ಆ ಚಿಂತೆ ಬೇಡ. ಯೂರೋ 100 ರೂಪಾಯಿ ಆಸುಪಾಸು ಅಂತ ಹಿಡಿದರೆ 12,500 ರೂಪಾಯಿ ಆಗುತ್ತದೆ. ಐವತ್ತೊಂದು ಕೀ ಮಾರಿದರೆ ಅಸಲು ಬಂತು.

ಲೈಸೆನ್ಸ್ ಪ್ಲಾಟ್‌ಫಾರ್ಮ್ ಲೆಕ್ಕದಲ್ಲಿ ಇರುತ್ತದೆ. ವಿಂಡೋಸ್‌ಗೆ ತಗೊಂಡದ್ದು ಆಂಡ್ರಾಯ್ಡ್‌ಗೆ ನಡೆಯುವುದಿಲ್ಲ. ಒಂದಕ್ಕಿಂತ ಹೆಚ್ಚು ಪ್ಲಾಟ್‌ಫಾರ್ಮ್‌ಗೆ ಒಟ್ಟಿಗೆ ತಗೊಂಡರೆ ರಿಯಾಯಿತಿ ಕೊಡುತ್ತಾರೆ. ಕಟ್ಟುವ ಮೊದಲು ಅವರ ಪುಟದಲ್ಲಿ ಇವತ್ತಿನ ದರ ಏನಿದೆ ಅಂತ ನೀನೇ ಓದಿಕೋ.

ಗೋಕಾಕ_ಬೈಟ್ (ಗೋಕಾಕ)

ಸರ್ ಹೇಳಿದ್ದೆಲ್ಲ ಸರಿ. ಆದರೆ ನನ್ನದೊಂದು ಬೇರೆ ಮಾತು. ಇನ್ನೂ ಒಂದು ಪ್ರತಿ ಮಾರದ ಹುಡುಗರು 12,500 ರೂಪಾಯಿ ಯಾಕೆ ಕಟ್ಟಬೇಕು? ದುಡ್ಡೂ ಇಲ್ಲದ, ಷರತ್ತೂ ಕಡಿಮೆ ಇರುವ ಲೈಬ್ರರಿಗಳು ಈಗ ಬೇಕಾದಷ್ಟು ಇವೆ.

ಮಿನಿಆಡಿಯೋ ನೋಡಿ. ಸಿ ಭಾಷೆಯಲ್ಲಿದೆ, ಪ್ರಾಜೆಕ್ಟ್‌ಗೆ ಸೇರಿಸುವುದು ಬಹಳ ಸುಲಭ. ಪಬ್ಲಿಕ್ ಡೊಮೇನ್ ಅಂತಲೋ ಎಂಐಟಿ-ಶೂನ್ಯ ಲೈಸೆನ್ಸ್ ಅಂತಲೋ ನೀವೇ ಆರಿಸಿಕೊಳ್ಳಬಹುದು. ಹೆಸರು ಹಾಕುವ ಷರತ್ತೂ ಇಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ನಡೆಯುತ್ತದೆ, ನಿಮ್ಮ ಮೊಬೈಲ್ ಪ್ರಶ್ನೆ ಅಲ್ಲಿಗೇ ಮುಗಿಯಿತು. ಸೋಲೌಡ್ ಅಂತ ಇನ್ನೊಂದಿದೆ, ಮರುದನಿಗೆ ಎಕೋ ಫಿಲ್ಟರ್, ಕೋಣೆಯ ಗುಂಗಿಗೆ ಫ್ರೀವರ್ಬ್ ಅದರೊಳಗೇ ಇವೆ. ಹೊಸ ಬಿಡುಗಡೆ ಬಂದು ವರ್ಷಗಳಾಗಿವೆ, ಅದೊಂದು ಯೋಚಿಸಬೇಕಾದ್ದು. ಆಟ ಬರೆಯಲು ಎಸ್‌ಡಿಎಲ್ ಲೈಬ್ರರಿ ಬಳಸುತ್ತಿದ್ದರೆ ಎಸ್‌ಡಿಎಲ್ ಮಿಕ್ಸರ್ ಇದೆ.

ಸೋಲೌಡ್, ಎಸ್‌ಡಿಎಲ್ ಎರಡೂ ಝಡ್‌ಲಿಬ್ ಲೈಸೆನ್ಸ್‌ನಲ್ಲಿವೆ. ಈ ಲೈಸೆನ್ಸ್ ಕೇಳುವುದು ಬಹಳ ಸ್ವಲ್ಪ. ಇದನ್ನು ನಾನೇ ಬರೆದೆ ಅಂತ ಹೇಳಬಾರದು. ಬದಲಾಯಿಸಿದ್ದರೆ ಬದಲಾಯಿಸಿದ್ದು ಅಂತ ತಿಳಿಸಬೇಕು. ಸೋರ್ಸ್ (ಮೂಲ ಕೋಡ್) ಹಂಚಿದರೆ ಅದರೊಳಗಿನ ಲೈಸೆನ್ಸ್ ಮಾತನ್ನು ತೆಗೆಯಬಾರದು. ಮಾರುವುದಕ್ಕೆ ಯಾವ ತಡೆಯೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಲೈಬ್ರರಿಯ ಹೊರಗಿನ ಲೈಸೆನ್ಸ್ ನೋಡಿ ಸುಮ್ಮನಾಗಬೇಡಿ, ಅದರೊಳಗೆ ಏನು ಸೇರಿದೆ ಅಂತಲೂ ನೋಡಿ. ಎಸ್‌ಡಿಎಲ್ ಮಿಕ್ಸರ್‌ನ ಹಳೇ ಆವೃತ್ತಿಗಳಲ್ಲಿ ಎಂಪಿ3 ಓದಲು ಲಿಬ್‌ಮ್ಯಾಡ್ ಸೇರಿಸಿಕೊಳ್ಳುವ ಆಯ್ಕೆ ಇತ್ತು. ಲಿಬ್‌ಮ್ಯಾಡ್ ಇರುವುದು ಜಿಪಿಎಲ್ ಅನ್ನುವ ಲೈಸೆನ್ಸ್‌ನಲ್ಲಿ. ಅದನ್ನು ಆನ್ ಮಾಡಿ ಬಿಲ್ಡ್ ಮಾಡಿ ಹಂಚಿದರೆ ನಿಮ್ಮ ಆಟದ ಪೂರ್ತಿ ಸೋರ್ಸ್ ಕೊಡಬೇಕಾದ ಪರಿಸ್ಥಿತಿ ಬರುತ್ತದೆ. ಯಾವುದೋ ಟ್ಯುಟೋರಿಯಲ್‌ನಲ್ಲಿ ಸಿಕ್ಕ ಡಿಎಲ್‌ಎಲ್ (ಲೈಬ್ರರಿಯ ತಯಾರಿ ಫೈಲ್) ಹಾಗೇ ಎತ್ತಿ ಹಾಕುವವರು ಇದನ್ನು ನೋಡುವುದೇ ಇಲ್ಲ.

ಗುಮ್ಮಟ_ದನಿ

ಇಬ್ಬರಿಗೂ ಧನ್ಯವಾದ. ಅಣ್ಣಾ, ಮಿನಿಆಡಿಯೋದಲ್ಲಿ ನಮಗೆ ಬೇಕಾದ ಮರುದನಿ ಬರುತ್ತದಾ? ಬಾಸ್‌ನಲ್ಲಿ ರಿವರ್ಬ್, ಎಕೋ ಎಲ್ಲ ತಯಾರಿದೆ. ಸದ್ದಿಗೆ ಮೂರು ಆಯಾಮದ ಜಾಗ ಕೊಡುವುದೂ ಇದೆ.

ಗೋಕಾಕ_ಬೈಟ್

ಬರುತ್ತದೆ. ಜಾಗ ಕೊಡುವುದು ಅದರಲ್ಲೂ ಇದೆ. ಸದ್ದು ತಡಮಾಡಿ ಬಿಡುವ ನೋಡ್ ಇದೆ, ಮೇಲಿನ ಸ್ವರ ಕತ್ತರಿಸುವ ಲೋ-ಪಾಸ್ ಫಿಲ್ಟರ್ ಇದೆ. ಆದರೆ ನಿಮ್ಮ ಆಟಕ್ಕೆ ತಯಾರಿ ರಿವರ್ಬ್ ಯಾವುದೂ ಸಾಲದು ಅಂತ ನನಗನಿಸುತ್ತದೆ, ಬಾಸ್‌ನದ್ದೂ ಸಾಲದು. ತಯಾರಿ ರಿವರ್ಬ್ ದೊಡ್ಡ ಕೋಣೆಯ ಗುಂಗು ಕೊಡುತ್ತದೆ, ಅಷ್ಟೇ. ನಿಮಗೆ ಬೇಕಾದ್ದು ಎಣಿಸಲು ಬರುವ ಮರುದನಿ, ಅಲ್ವಾ?

ಲೆಕ್ಕ ಹಾಕಿ ನೋಡಿ. ಗೋಲಗುಮ್ಮಟದ ಗುಮ್ಮಟ ಒಳಗಿನಿಂದ ಸುಮಾರು 38 ಮೀಟರ್ ಅಗಲ. ಮೇಲಿನ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಎದುರು ಗೋಡೆಗೆ ಹೋಗಿ ಬರಲು 76 ಮೀಟರ್. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ 0.22 ಸೆಕೆಂಡ್. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ) ಇದ್ದರೆ ಸುಮಾರು 9,770 ಸ್ಯಾಂಪಲ್ ತಡ. ಸದ್ದನ್ನು ಅಷ್ಟು ಹೊತ್ತು ಹಿಡಿದಿಡುವ ಒಂದು ರಿಂಗ್ ಬಫರ್ ಇಟ್ಟುಕೊಂಡು, ಪ್ರತಿ ಸುತ್ತಿಗೂ ಸದ್ದು ಸ್ವಲ್ಪ ಇಳಿಸಿ, ಮೇಲಿನ ಸ್ವರ ಸ್ವಲ್ಪ ಕತ್ತರಿಸಿ ಮತ್ತೆ ಬಿಡಿ. ಗೈಡ್‌ಗಳು ಏಳು ಸಲ ಅಂತ ಹೇಳುತ್ತಾರಲ್ಲ, ಆ ಏಳೂ ಬಿಡಿಬಿಡಿಯಾಗಿ ಕೇಳಿಸುತ್ತವೆ. ಆಟಗಾರ ನಡೆದಂತೆ ಆ ತಡ ಬದಲಾಗಬೇಕು. ಇದು ನಿಮ್ಮದೇ ಕೋಡ್ ಆಗುತ್ತದೆ, ಯಾರ ಲೈಸೆನ್ಸ್ ಹಂಗೂ ಇಲ್ಲ.

ಹಳೇ_ಡಾಸ್

ಗೋಕಾಕದವರ ಮಾತಿಗೆ ಒಂದು ಹಳೇ ಕಥೆ ಸೇರಿಸುತ್ತೇನೆ. ಸೌಂಡ್ ಲೈಬ್ರರಿ ಲೈಸೆನ್ಸ್ ಮತ್ತು ಶೇರ್‌ವೇರ್ ಅಂದರೆ ನನಗೆ ಮೊದಲು ನೆನಪಾಗುವುದು ಇದೇ.

ಶೇರ್‌ವೇರ್ ಪದ್ಧತಿ ಶುರುವಾದದ್ದು 1982-83ರಲ್ಲಿ. ಆಂಡ್ರ್ಯೂ ಫ್ಲೂಗಲ್‌ಮನ್ ಪಿಸಿ-ಟಾಕ್, ಜಿಮ್ ನಾಫ್ ಪಿಸಿ-ಫೈಲ್, ಬಾಬ್ ವಾಲೇಸ್ ಪಿಸಿ-ರೈಟ್. ಪೂರ್ತಿ ತಂತ್ರಾಂಶ ಹಂಚಿ, ಇಷ್ಟವಾದರೆ ದುಡ್ಡು ಕಳಿಸಿ ಅಂತ ಕೇಳುತ್ತಿದ್ದರು. ಆಟಗಳಲ್ಲಿ ಇದನ್ನು ಬದಲಾಯಿಸಿದ್ದು ಅಪೋಜಿ ಕಂಪನಿಯ ಸ್ಕಾಟ್ ಮಿಲ್ಲರ್. 1987ರಲ್ಲಿ ಕ್ರಾಝ್ ಆಟದ ಮೊದಲ ಭಾಗ ಫ್ರೀ ಕೊಟ್ಟು ಉಳಿದ ಭಾಗ ಮಾರಿದರು. ತಮ್ಮಾ, ನೀನು ಮಾಡಲು ಹೊರಟಿದ್ದು ಅದೇ ಪದ್ಧತಿ. ನಮ್ಮ ಕಡೆ ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳಲ್ಲಿ ಇಂಥ ಮೊದಲ ಭಾಗಗಳೇ ತುಂಬಿರುತ್ತಿದ್ದವು. ಆಗ ಡಾಲರ್‌ನಲ್ಲಿ ದುಡ್ಡು ಕಳಿಸುವ ದಾರಿ ನಮ್ಮಂಥವರಿಗೆ ಇರಲಿಲ್ಲ. ಮೊದಲ ಭಾಗವನ್ನೇ ಮತ್ತೆ ಮತ್ತೆ ಆಡುತ್ತಿದ್ದೆವು.

1993ರ ಡಿಸೆಂಬರ್‌ನಲ್ಲಿ ಡೂಮ್ ಆಟ ಹೀಗೇ ಬಂತು, ಮೂರು ಭಾಗಗಳಲ್ಲಿ ಮೊದಲನೆಯದು ಫ್ರೀ. ಅದರ ಡಾಸ್ ಆವೃತ್ತಿಯ ಸದ್ದಿಗೆ ಅವರು ಹೊರಗಿನ ಡಿಎಂಎಕ್ಸ್ ಅನ್ನುವ ಲೈಬ್ರರಿ ಹಾಕಿದ್ದರು. ನಾಲ್ಕು ವರ್ಷದ ಮೇಲೆ, 1997ರ ಡಿಸೆಂಬರ್‌ನಲ್ಲಿ, ಅದರ ಕೋಡ್ ಬರೆದ ಜಾನ್ ಕಾರ್ಮ್ಯಾಕ್ ಆಟದ ಸೋರ್ಸ್ ಎಲ್ಲರಿಗೂ ಕೊಡಲು ಮುಂದಾದರು. ಆದರೆ ಆ ಸೌಂಡ್ ಲೈಬ್ರರಿ ಬೇರೆಯವರದ್ದು, ಅದನ್ನು ಹಂಚುವ ಹಕ್ಕು ಅವರಿಗೆ ಇರಲಿಲ್ಲ. ಹಾಗಾಗಿ ಲೋಕವೆಲ್ಲ ಆಡಿದ ಡಾಸ್ ಆವೃತ್ತಿಯ ಬದಲು ಲಿನಕ್ಸ್ ಆವೃತ್ತಿಯ ಸೋರ್ಸ್ ಕೊಟ್ಟರು. ಅಷ್ಟು ದೊಡ್ಡ ಆಟ, ಅಷ್ಟು ದುಡ್ಡು ಮಾಡಿದ ಆಟ, ಸ್ವಂತ ಕೋಡ್ ಹಂಚುವಾಗ ಸೌಂಡ್ ಲೈಬ್ರರಿ ಮುಂದೆ ನಿಲ್ಲಬೇಕಾಯಿತು.

ಆದ್ದರಿಂದ ಯಾವ ಲೈಬ್ರರಿ ಆರಿಸಿದರೂ ಅದನ್ನು ನಿನ್ನ ಆಟದೊಳಗೆ ಎಲ್ಲ ಕಡೆ ಕಲಸಬೇಡ. ಸದ್ದು ಹಾಕು, ನಿಲ್ಲಿಸು, ಜಾಗ ಬದಲಾಯಿಸು, ಜೋರು ಮಾಡು, ಇಷ್ಟೇ ಫಂಕ್ಷನ್ ಇರುವ ನಿನ್ನದೇ ಒಂದು ಫೈಲ್ ಬರೆ. ಆಟದ ಬೇರೆ ಭಾಗಗಳು ಆ ಫೈಲ್ ಜೊತೆ ಮಾತ್ರ ಮಾತಾಡಲಿ. ನಾಳೆ ಲೈಬ್ರರಿ ಬದಲಾಯಿಸಬೇಕಾದರೆ ಒಂದೇ ಫೈಲ್ ಬದಲಾಯಿಸಿದರೆ ಆಯಿತು.

ಇಷ್ಟು ಹೇಳಿದರೂ ದುಡ್ಡು ಕಟ್ಟುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಬಾಸ್‌ನಂಥ ಲೈಬ್ರರಿ ವರ್ಷಾನುಗಟ್ಟಲೆ ತಿದ್ದಿ ಸರಿ ಮಾಡಿದ್ದು. ಎಕ್ಸ್‌ಎಂ, ಐಟಿಯಂಥ ಫೈಲ್‌ಗಳ ಟ್ರ್ಯಾಕರ್ ಸಂಗೀತ (ಸಣ್ಣ ಸದ್ದಿನ ತುಣುಕು ಜೋಡಿಸಿ ಮಾಡಿದ್ದು) ಅದರಲ್ಲಿ ಸೊಗಸಾಗಿ ನುಡಿಯುತ್ತದೆ. ಮುಂದಿನ ಆವೃತ್ತಿಗಳಿಗೆ ಮತ್ತೆ ದುಡ್ಡು ಇಲ್ಲ. ಒಬ್ಬನೇ ನಾಲ್ಕೈದು ಶೇರ್‌ವೇರ್ ಮಾಡುವವನಿಗೆ 125 ಯೂರೋ ಬಹಳ ನ್ಯಾಯವಾದ ಬೆಲೆ.

ನವನಗರ_ಬಿಟ್ (ಬಾಗಲಕೋಟೆ)

ನಂದೊಂದು ಪ್ರಶ್ನೆ, ಇದೇ ವಿಷಯ ಅಂತ ಇಲ್ಲೇ ಕೇಳುತ್ತಿದ್ದೇನೆ. ನಾನು ಓಪನ್‌ಎಎಲ್ ಸಾಫ್ಟ್ ಅನ್ನುವ ಸೌಂಡ್ ಲೈಬ್ರರಿ ಬಳಸುತ್ತೇನೆ. ಅದರ ಲೈಸೆನ್ಸ್ ಎಲ್‌ಜಿಪಿಎಲ್. ಕೀ ಕೊಟ್ಟು ಮಾರುವ ಆಟದಲ್ಲಿ ಹಾಕಬಹುದಾ? ಜಿಪಿಎಲ್ ಹಾಗೆ ನನ್ನ ಸೋರ್ಸೂ ಕೊಡಬೇಕಾ?

ಗೋಕಾಕ_ಬೈಟ್

ಹಾಕಬಹುದು, ನಿಮ್ಮ ಸೋರ್ಸ್ ಕೊಡಬೇಕಿಲ್ಲ. ಆದರೆ ಆಟಗಾರನಿಗೆ ಆ ಲೈಬ್ರರಿಯನ್ನು ತೆಗೆದು ತಾನು ತಿದ್ದಿದ ಲೈಬ್ರರಿ ಹಾಕಿಕೊಳ್ಳಲು ದಾರಿ ಇರಬೇಕು. ಡಿಎಲ್‌ಎಲ್ ಬೇರೆ ಫೈಲಾಗಿಯೇ ಇಟ್ಟರೆ ಆ ದಾರಿ ತಾನಾಗಿಯೇ ಸಿಗುತ್ತದೆ. ಜೊತೆಗೆ ಲೈಸೆನ್ಸ್ ಪಠ್ಯ ಕೊಡಿ. ಆಟದಲ್ಲಿ ಈ ಲೈಬ್ರರಿ ಇದೆ ಅಂತ ಹೇಳಿ. ಅದರ ಸೋರ್ಸ್ ಸಿಗುವ ಹಾಗೆ ಮಾಡಿ.

ಶೇರ್‌ವೇರ್ ಮಾಡುವವರಿಗೆ ತೊಂದರೆ ಬರುವುದು ಇಲ್ಲಿಯೇ. ಕಳ್ಳ ಕೀ ತಡೆಯಲು ಆಟವನ್ನು ಪ್ಯಾಕರ್‌ಗೆ ಹಾಕಿ, ಡಿಎಲ್‌ಎಲ್‌ಗಳನ್ನೆಲ್ಲ ಒಂದೇ ಎಕ್ಸ್‌ಇ ಒಳಗೆ ತುರುಕಿ ಮುಚ್ಚುತ್ತಾರೆ. ಹಾಗೆ ಮಾಡಿದರೆ ಲೈಬ್ರರಿ ಬದಲಾಯಿಸುವ ದಾರಿಯೇ ಮುಚ್ಚಿಹೋಗುತ್ತದೆ. ಇನ್ನೊಂದು, ಅಂತರ್ಜಾಲದಲ್ಲಿ ಸಿಗುವ ಬಳಕೆದಾರ ಒಪ್ಪಂದ ನಕಲು ಮಾಡಿ ಹಾಕುತ್ತಾರೆ. ಅದರಲ್ಲಿ ರಿವರ್ಸ್ ಎಂಜಿನಿಯರಿಂಗ್ (ತಂತ್ರಾಂಶ ಬಿಚ್ಚಿ ನೋಡುವುದು) ಪೂರ್ತಿ ನಿಷೇಧ ಅಂತ ಇರುತ್ತದೆ. ಎಲ್‌ಜಿಪಿಎಲ್ ಲೈಬ್ರರಿ ಇರುವ ಆಟದಲ್ಲಿ ಆ ಸಾಲು ಹಾಗೇ ಇಡುವಂತಿಲ್ಲ. ಲೈಬ್ರರಿಯಲ್ಲಿ ತಾನು ಮಾಡಿದ ಬದಲಾವಣೆ ಸರಿ ಕೆಲಸ ಮಾಡುತ್ತದಾ ಅಂತ ನೋಡಲು ಆಟಗಾರನಿಗೆ ಬಿಡಬೇಕು. ಕಳ್ಳ ಕೀ ಬಗ್ಗೆ ಇಷ್ಟು ಹೆದರಬೇಡಿ. 249 ರೂಪಾಯಿ ಕೊಡುವವನು ಕೊಡುತ್ತಾನೆ.

ನವನಗರ_ಬಿಟ್

ಗೊತ್ತಾಯಿತು, ಪ್ಯಾಕರ್ ತೆಗೆದುಹಾಕುತ್ತೇನೆ. ಎಫ್‌ಮಾಡ್ ಸೌಂಡ್ ಲೈಬ್ರರಿ ಬಗ್ಗೆ ಯಾರೂ ಹೇಳಲಿಲ್ಲ. ಅದು ಮೆಲ್ಬರ್ನ್‌ನ ಫೈರ್‌ಲೈಟ್ ಟೆಕ್ನಾಲಜೀಸ್‌ನದು. ವರ್ಷಕ್ಕೆ 2 ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯ ಇರುವ ಸಣ್ಣ ಡೆವಲಪರ್‌ಗಳಿಗೆ ಅವರೂ ಶುಲ್ಕ ತಗೊಳ್ಳುವುದಿಲ್ಲ, ಆಟ ಮಾಡುವ ಖರ್ಚಿಗೂ ಒಂದು ಮಿತಿ ಇದೆ. ಆಟವನ್ನು ಅವರಲ್ಲಿ ನೋಂದಾಯಿಸಬೇಕು, ಆಟದಲ್ಲಿ ಅವರ ಹೆಸರು, ಲೋಗೋ ಹಾಕಬೇಕು.

ಹಳೇ_ಡಾಸ್

ಒಳ್ಳೆಯದು ನೆನಪಿಸಿದಿರಿ. ದೊಡ್ಡ ಆಟಕ್ಕೆ ಅದರ ಸ್ಟುಡಿಯೋ ಉಪಕರಣ ಬಹಳ ಒಳ್ಳೆಯದು. ಈ ಹುಡುಗರ ಆಟಕ್ಕೆ ಅದು ಜಾಸ್ತಿ ಆಯಿತು ಅಂತ ನನಗನಿಸುತ್ತದೆ.

ಫೈಲ್ ಬಗ್ಗೆಯೂ ಒಂದು ಮಾತು. ಹಿಂದೆ ಆಟದಲ್ಲಿ ಎಂಪಿ3 ಹಾಕಲು ಪೇಟೆಂಟ್ ಲೈಸೆನ್ಸ್ ಬೇರೆ ತಗೊಳ್ಳಬೇಕಿತ್ತು. ಆಟಕ್ಕೆ 2,500 ಡಾಲರ್, 5,000 ಪ್ರತಿಗಿಂತ ಕಡಿಮೆ ಇದ್ದರೆ ಬಿಡುತ್ತಿದ್ದರು. 2017ರ ಏಪ್ರಿಲ್‌ನಲ್ಲಿ ಫ್ರೌನ್‌ಹೋಫರ್ ಸಂಸ್ಥೆ ಆ ಲೈಸೆನ್ಸ್ ಪದ್ಧತಿಯನ್ನೇ ನಿಲ್ಲಿಸಿತು. ಈಗ ಆ ಭಯ ಇಲ್ಲ. ಆದರೂ ಹಿನ್ನೆಲೆ ಸಂಗೀತಕ್ಕೆ ಆಗ್ ವಾರ್ಬಿಸ್ ಅನ್ನುವ ಫೈಲ್ ರೂಪ ಬಳಸು. ಎಂಪಿ3 ಮಾಡುವಾಗ ಶುರುವಿಗೂ ಕೊನೆಗೂ ಒಂದಷ್ಟು ಖಾಲಿ ಸ್ಯಾಂಪಲ್ ಸೇರುತ್ತವೆ. ತಿರುತಿರುಗಿ ನುಡಿಸುವಾಗ ಅಲ್ಲಿ ಸಣ್ಣ ತಡೆ ಕೇಳಿಸುತ್ತದೆ. ಬೇರೆ ಆಟದಲ್ಲಿ ಯಾರೂ ಗಮನಿಸಲಿಕ್ಕಿಲ್ಲ. ಕಿವಿಯಿಂದಲೇ ಆಡುವ ನಿನ್ನ ಆಟದಲ್ಲಿ ಅದು ಎದ್ದು ಕೇಳುತ್ತದೆ.

ಮಜಲು_ಮನೆ (ಜಮಖಂಡಿ)

ನಾನು ಕೋಡ್ ಬರೆಯುವವನಲ್ಲ. ನಮ್ಮ ಮನೆಯವರು ಕರಡಿ ಮಜಲು ನುಡಿಸುವವರು. ನನ್ನ ತಂಗಿಯ ಮಗ ಈ ಚರ್ಚೆ ತೋರಿಸಿದ, ಓದಿದೆ. ಲೈಬ್ರರಿ ಬರೆದವರ ಷರತ್ತು ಇಷ್ಟು ಕಾಳಜಿಯಿಂದ ಓದುತ್ತಿದ್ದೀರಿ, ಬಹಳ ಸಂತೋಷ. ಆದರೆ ಮಜಲು ನುಡಿಸಿದವರ ಲೈಸೆನ್ಸ್ ಬಗ್ಗೆ ಇಷ್ಟು ಹೊತ್ತಾದರೂ ಯಾರೂ ಕೇಳಲಿಲ್ಲ.

ಕರಡಿ, ತಾಳ, ಶಹನಾಯಿ ಮೂರೂ ಕೂಡಿ ನಡೆದಾಗ ಮಜಲು. ಕರಡಿ ಒಬ್ಬನ ಕೈಗೆ ಬರಲು ವರ್ಷಗಳು ಬೇಕು. ಜಾತ್ರೆಯಲ್ಲಿ, ಮದುವೆ ಮೆರವಣಿಗೆಯಲ್ಲಿ ನುಡಿಸುವಾಗ ಮೊಬೈಲ್ ಹಿಡಿದು ರೆಕಾರ್ಡ್ ಮಾಡುವವರಿಗೆ ನಾವು ಬೇಡ ಅನ್ನುವುದಿಲ್ಲ. ಆದರೆ ನಮ್ಮ ಮೇಳ ನುಡಿಸಿದ್ದನ್ನು ಹೀಗೆ ಹಿಡಿದು, ಒಂದು ಸಂಸ್ಥೆಯವರು ತಮ್ಮ ಜಾಹೀರಾತಿನ ವಿಡಿಯೋಗೆ ಹಾಕಿಕೊಂಡರು. ಹೆಸರು ಇಲ್ಲ, ಒಂದು ಮಾತು ಕೇಳಿಲ್ಲ. ವಿಚಾರಿಸಿದರೆ ಜನಪದ ಎಲ್ಲರದೂ ಅಂದರು. ಮಟ್ಟು ಎಲ್ಲರದೂ ಇರಬಹುದು. ನುಡಿಸಿದ ಕೈ ನಮ್ಮದು.

ನೀವು ಹಾಗೆ ಮಾಡುವವರಲ್ಲ ಅಂತ ನಿಮ್ಮ ಮಾತಿನಲ್ಲೇ ಗೊತ್ತಾಗುತ್ತದೆ. ಮಜಲು ಬೇಕಾದರೆ ಕೇಳಿ, ನುಡಿಸಿ ಕೊಡುತ್ತೇವೆ.

ಗುಮ್ಮಟ_ದನಿ

ಕಾಕಾ, ನೀವು ಬರೆದದ್ದು ಓದಿ ಬಹಳ ಖುಷಿಯಾಯಿತು. ಖಂಡಿತ ನಿಮ್ಮ ಹತ್ತಿರವೇ ಬರುತ್ತೇವೆ. ಆದರೆ ಕಾಗದ ಹೇಗಿರಬೇಕು ಅಂತ ನಮಗೆ ಗೊತ್ತಿಲ್ಲ. ಯಾರಾದರೂ ಹೇಳುತ್ತೀರಾ?

ಕಾಯ್ದೆ_ಓದು (ಬಾಗಲಕೋಟೆ)

ನಾನು ವಕೀಲೆ. ಜಮಖಂಡಿಯವರು ಹೇಳಿದ್ದು ಕಾಯ್ದೆಯಲ್ಲೂ ಹಾಗೇ ಇದೆ. ಸಾಂಪ್ರದಾಯಿಕ ಮಟ್ಟಿಗೆ ಒಬ್ಬ ಒಡೆಯ ಇಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನುಡಿಸಿದ ಕಲಾವಿದನಿಗೆ ಬೇರೆ ಹಕ್ಕಿದೆ, ಅದು ಐವತ್ತು ವರ್ಷ ಇರುತ್ತದೆ. ಧ್ವನಿಮುದ್ರಣಕ್ಕೆ ಇನ್ನೊಂದು ಹಕ್ಕು, ಅದು ಅರವತ್ತು ವರ್ಷ, ಸಾಮಾನ್ಯವಾಗಿ ಅದನ್ನು ಮಾಡಿಸಿದವರದ್ದು. ಜಾತ್ರೆಯಲ್ಲಿ ಮೊಬೈಲ್‌ನಲ್ಲಿ ಹಿಡಿದದ್ದನ್ನು ಮಾರುವ ಆಟದಲ್ಲಿ ಹಾಕಲು ನುಡಿಸಿದವರ ಒಪ್ಪಿಗೆ ಬೇಕೇ ಬೇಕು.

ಲೈಸೆನ್ಸ್ ಬರಹದಲ್ಲಿರಬೇಕು. ಸುಮ್ನೆ ವಾಟ್ಸಾಪ್‌ನಲ್ಲಿ ಸರಿ ಅಂದರು ಅಂತ ಬಿಡಬೇಡಿ. ಬರೆಯುವಾಗ ಹಕ್ಕು ಬಿಟ್ಟುಕೊಡುವ 19ನೇ ಕಲಮು ನೆನಪಿಡಿ. 30ಎ ಕಲಮಿನ ಪ್ರಕಾರ ಅದು ಲೈಸೆನ್ಸ್‌ಗೂ ಅನ್ವಯಿಸುತ್ತದೆ. ಎಷ್ಟು ವರ್ಷ ಅಂತ ಬರೆಯದಿದ್ದರೆ ಐದು ವರ್ಷ ಅಂತ ಹಿಡಿಯುತ್ತಾರೆ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ ಅಂತ ಹಿಡಿಯುತ್ತಾರೆ. ನಿಮ್ಮ ಆಟ ಹೊರದೇಶದವರೂ ಕೊಳ್ಳುತ್ತಾರೆ, ಹಾಗಾಗಿ ಜಗತ್ತಿನಾದ್ಯಂತ ಅಂತ ಬರೆಯಲೇಬೇಕು.

ಇದಕ್ಕಿಂತ ಮುಖ್ಯವಾದ್ದು ಒಂದಿದೆ, ಆಟ ಮಾಡುವವರು ಇದನ್ನು ಗಮನಿಸುವುದೇ ಇಲ್ಲ. ಹಕ್ಕು ತಗೊಂಡವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕಾಗದದಲ್ಲಿ ಬೇರೆ ಹೇಳಿರದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ಆಟ ಮಾಡುವ ಕೆಲಸ ತಡವಾಗುವುದು ಸಾಮಾನ್ಯ ಅಲ್ವಾ? ಎರಡು ವರ್ಷ ಅಂತಲೋ ಮೂರು ವರ್ಷ ಅಂತಲೋ ಇಬ್ಬರೂ ಒಪ್ಪಿ ಬರೆದುಕೊಳ್ಳಿ.

ಯಾವ ಆಟಕ್ಕೆ, ಅದರ ಫ್ರೀ ಭಾಗಕ್ಕೂ ಸೇರಿ, ಟ್ರೇಲರ್ ವಿಡಿಯೋಗೂ ಸೇರಿ ಅಂತ ಬಿಡಿಸಿ ಬರೆಯಿರಿ. ಮೊದಲೇ ಕೊಡುವ ದುಡ್ಡು ಎಷ್ಟು, ಪ್ರತಿ ಮಾರಿದಾಗ ಪಾಲು ಇದೆಯಾ, ಹೆಸರು ಎಲ್ಲಿ ಹಾಕುತ್ತೀರಿ, ಎಲ್ಲ ಇರಲಿ. ಮೇಳದ ಒಬ್ಬರ ಸಹಿ ಸಾಲದು, ನುಡಿಸಿದ ಎಲ್ಲರ ಸಹಿಯೂ ಬೇಕು. ಕಾಗದ ಕನ್ನಡದಲ್ಲೇ ಇರಲಿ. ಸಹಿ ಮಾಡುವವರು ಓದಿ ತಿಳಿದುಕೊಳ್ಳಬೇಕು.

ಅಂತರ್ಜಾಲದಿಂದ ಹೆಜ್ಜೆ ಸಪ್ಪಳ, ಬಾಗಿಲ ಸದ್ದು ತಗೊಂಡಿದ್ದರೆ ಅದನ್ನೂ ನೋಡಿ. ಫ್ರೀಸೌಂಡ್‌ನಂಥ ಕಡೆ ಒಂದೊಂದು ಫೈಲ್‌ಗೆ ಒಂದೊಂದು ಲೈಸೆನ್ಸ್ ಇರುತ್ತದೆ. ವ್ಯಾಪಾರಕ್ಕೆ ಬೇಡ ಅಂತ ಇರುವ ಕ್ರಿಯೇಟಿವ್ ಕಾಮನ್ಸ್ ಫೈಲ್ ನಿಮ್ಮ ಫ್ರೀ ಭಾಗದಲ್ಲೂ ಹಾಕಬೇಡಿ. ಬೆಳಗಾವಿ ಸರ್ ಬಾಸ್‌ಗೆ ಹೇಳಿದ ಕಾರಣವೇ ಇದಕ್ಕೂ.

ಗೋಕಾಕ_ಬೈಟ್

ಅಕ್ಕಾ, ಒಂದು ವರ್ಷದ ವಿಷಯ ನನಗೂ ಹೊಸದು. ಬಹಳ ಉಪಯೋಗವಾಯಿತು. ಇಬ್ಬರು ಗೆಳೆಯರ ನಡುವೆಯೂ ಒಂದು ಕಾಗದ ಬೇಕಲ್ವಾ?

ಕಾಯ್ದೆ_ಓದು

ಬೇಕು. ಕೋಡ್ ಒಬ್ಬರದು, ಚಿತ್ರ ಒಬ್ಬರದು. ಆಟ ನಿಂತರೆ ಯಾರದ್ದು ಯಾರಿಗೆ ವಾಪಸ್, ದುಡ್ಡು ಹೇಗೆ ಹಂಚಿಕೆ, ಒಂದು ಪುಟ ಸಾಕು. ಹೊರಗಿನ ಲೈಬ್ರರಿ ಲೈಸೆನ್ಸ್ ತಗೊಳ್ಳುವುದಾದರೆ ಆಟ ಮಾರುವವರ ಹೆಸರಲ್ಲಿ ತಗೊಳ್ಳಿ. ವ್ಯಕ್ತಿಗೆ ಅಂತ ಕೊಟ್ಟ ದರ ನಾಳೆ ನೀವು ಪಾಲುದಾರಿಕೆ ಸಂಸ್ಥೆ ಮಾಡಿದರೆ ನಡೆಯುತ್ತದಾ ಅಂತ ಕೊಡುವವರಿಗೇ ಇಮೇಲ್ ಬರೆದು ಕೇಳಿ. ಇಬ್ಬರು ಇದ್ದೇವೆ, ಇಷ್ಟು ಬೆಲೆಗೆ ಮಾರುತ್ತೇವೆ, ಈ ಪ್ಲಾಟ್‌ಫಾರ್ಮ್, ಮೊದಲ ಭಾಗ ಫ್ರೀ ಅಂತ ಸ್ಪಷ್ಟವಾಗಿ ಬರೆಯಿರಿ. ಬಂದ ಉತ್ತರವನ್ನು ರಶೀದಿ ಜೊತೆಗೇ ಎತ್ತಿಡಿ.

ಗುಮ್ಮಟ_ದನಿ

ಗೆಳೆಯನ ಜೊತೆ ಕೂತು ಮಾತಾಡಿದೆ. ನಮ್ಮ ತೀರ್ಮಾನ ಹೇಳುತ್ತೇನೆ.

ಮಿನಿಆಡಿಯೋಗೆ ಹೋಗುತ್ತಿದ್ದೇವೆ. ಬೆಳಗಾವಿ ಸರ್ ಹೇಳಿದ ಹಾಗೆ ಸದ್ದಿನ ಕೋಡ್ ಎಲ್ಲ ಒಂದೇ ಫೈಲ್‌ಗೆ ತಂದೆ. ಹಾಗೆ ತಂದ ಮೇಲೆ ನಾವು ಬಾಸ್‌ನಿಂದ ಬಳಸುತ್ತಿದ್ದದ್ದು ಬಹಳ ಕಡಿಮೆ ಅಂತ ಗೊತ್ತಾಯಿತು. ಟ್ರ್ಯಾಕರ್ ಸಂಗೀತ ನಮಗೆ ಬೇಕಿಲ್ಲ. ಮರುದನಿಗೆ ಗೋಕಾಕ ಅಣ್ಣ ಹೇಳಿದ ರಿಂಗ್ ಬಫರ್ ಬರೆದಿದ್ದೇವೆ. ಹೆಡ್‌ಫೋನ್ ಹಾಕಿ ಕೇಳಿದರೆ ಗೋಡೆ ಹತ್ತಿರ ಬಂದದ್ದು ನಿಜಕ್ಕೂ ಗೊತ್ತಾಗುತ್ತದೆ. ಕಣ್ಣು ಕಾಣದ ಒಬ್ಬ ಗೆಳೆಯನಿಗೆ ಆಡಲು ಕೊಟ್ಟೆವು, ಅವನು ನಮಗಿಂತ ಬೇಗ ಬಾಗಿಲು ಹುಡುಕಿದ. ಮೆನು ಪೂರ್ತಿ ಮಾತಿನಲ್ಲೇ ಇರಬೇಕು ಅಂತ ಅವನು ಹೇಳಿದ್ದಾನೆ, ಅದನ್ನು ಈಗ ಮಾಡುತ್ತಿದ್ದೇವೆ.

ಲೈಸೆನ್ಸ್‌ಗೆ ಅಂತ ಎತ್ತಿಟ್ಟಿದ್ದ ದುಡ್ಡನ್ನು ಮಜಲು ರೆಕಾರ್ಡಿಂಗ್‌ಗೆ ಕೊಡುತ್ತೇವೆ. ಅದರ ಮೇಲೆ ಪ್ರತಿ ಕೀಗೂ ಮೇಳಕ್ಕೆ ಪಾಲು. ಜಮಖಂಡಿ ಕಾಕಾ, ನಿಮಗೆ ಯಾವಾಗ ಅನುಕೂಲ ಹೇಳಿ. ಮರುದನಿ ಇಲ್ಲದ ಕೋಣೆ ಬೇಕು. ಗುಂಗು ನಾವು ಕೋಡ್‌ನಲ್ಲಿ ಸೇರಿಸುತ್ತೇವೆ.

ಹಳೇ_ಡಾಸ್

ಒಳ್ಳೆಯ ತೀರ್ಮಾನ ತಮ್ಮಾ. ಮಿನಿಆಡಿಯೋ ಹೆಸರು ಹಾಕು ಅಂತ ಕೇಳುವುದಿಲ್ಲ, ಆದರೂ ಕ್ರೆಡಿಟ್ಸ್‌ನಲ್ಲಿ ಹಾಕು. ಯಾವ ಆವೃತ್ತಿ ಬಳಸಿದೆ ಅಂತಲೂ ಒಂದು ಪಠ್ಯ ಫೈಲ್‌ನಲ್ಲಿ ಬರೆದಿಡು, ಆಗಿನ ಲೈಸೆನ್ಸ್ ಪಠ್ಯದ ಕಾಪಿ ಜೊತೆ. ಮೊದಲ ಭಾಗ ಬಂದ ದಿನ ಇಲ್ಲಿ ತಿಳಿಸು, ಕೀ ನಾನೂ ತಗೊಳ್ಳುತ್ತೇನೆ.

ಮಜಲು_ಮನೆ

ಸುಗ್ಗಿ ಮುಗಿದ ಮೇಲೆ ಮದುವೆ ಸೀಸನ್ ಶುರುವಾಗುತ್ತದೆ, ಆಗ ನಾವು ಕೈಗೆ ಸಿಗುವುದಿಲ್ಲ. ಅದಕ್ಕೆ ಮೊದಲೇ ಬನ್ನಿ. ಶಹನಾಯಿಯವರು ಅಥಣಿ ಕಡೆ ಇರುತ್ತಾರೆ, ಅವರಿಗೂ ಹೇಳಿ ಇಡುತ್ತೇನೆ. ಅಕ್ಕಾವರು ಬರೆದ ಕಾಗದ ಮೊದಲೇ ಕಳಿಸಿ, ಮನೆಯಲ್ಲಿ ಎಲ್ಲರಿಗೂ ಓದಿ ಹೇಳಬೇಕು.

ಕಾಯ್ದೆ_ಓದು

ಕರಡು ಈ ವಾರ ಕಳಿಸುತ್ತೇನೆ. ನುಡಿಸುವವರ ಪೂರ್ತಿ ಹೆಸರು, ಯಾರು ಯಾವ ವಾದ್ಯ ಅಂತ ಬರೆದು ನನಗೆ ಖಾಸಗಿ ಸಂದೇಶದಲ್ಲಿ ಕೊಡಿ. ಮೊಬೈಲ್ ಆವೃತ್ತಿಯನ್ನೂ ಈಗಲೇ ಸೇರಿಸಲೇ?

ಗುಮ್ಮಟ_ದನಿ

ಸೇರಿಸಿ ಅಕ್ಕಾ. ವಿಂಡೋಸ್, ಆಂಡ್ರಾಯ್ಡ್ ಎರಡೂ.